ತೂಕ ನೋಡಿದೆ, ಕಾಳು ಕಡಿಯಲಿಲ್ಲ

ಹೋದ ತಿಂಗಳು ನನ್ನ ತಂಗಿಯ ಮಗನನ್ನು ಮಿಲ್ಲಿನ ಕಾಟಾದ ಮೇಲೆ ಕೂರಿಸಿದೆ. ಒಂಬತ್ತು ತಿಂಗಳ ಕೂಸು. ಹತ್ತು ಕೆಜಿ ದಾಟಿತು.

(ಹೊಸ ಓದುಗರಿಗೆ: ನಾನು ಅಕ್ಕಿಆಲೂರಿನ ಮಿಲ್ಲೊಂದರಲ್ಲಿ ಭತ್ತ ತೂಗುವವನು. ಓದಿದ್ದು ಏಳನೇ ಇಯತ್ತೆ.)

ಹಮಾಲರೆಲ್ಲ ಚೀಲ ಬಿಟ್ಟು ಬಂದರು. "ಏನ್ ತಿನಸ್ತೀರಿ ಅಣ್ಣಾರ, ಹಿಂಡಿ ಹಾಕ್ತೀರೇನು?" ಅಂದ ಹಮಾಲ ಇಮಾಮ. ನಾನು ಬೀಗಿದೆ. ಮರುಕ್ಷಣ ಅವನೇ, "ಕೈ ಬಿಡಬ್ಯಾಡ್ರಿ, ವಾಲಾಕತ್ತೈತಿ" ಅಂದ.

"ತುಂಬಿದ ಚೀಲ ನೆಟ್ಟಗ ನಿಲ್ತೈತೇನಲೇ?" ಅಂತ ನಕ್ಕು ಕೂಸನ್ನು ಎತ್ತಿಕೊಂಡೆ.

ಹೆರಿಗೆಗೆ ಬಂದ ತಂಗಿ ರೇಣುಕಾ ಇನ್ನೂ ನಮ್ಮ ಮನೆಯಲ್ಲೇ ಇದ್ದಾಳೆ. ಕೂಸಿಗೆ ಆರು ತಿಂಗಳಾದಾಗಲೇ ಕೇಳಿದ್ದಳು. "ಅಣ್ಣಾ, ಇಂವ ಇನ್ನೂ ಹೊರಳಿ ಡಬ್ಬ ಬಿದ್ದಿಲ್ಲ. ಹಾನಗಲ್ಲಿಗೆ ಹೋಗಿ ಡಾಕ್ಟರಿಗೆ ತೋರ್ಸೂಣಲ್ಲ?"

"ಹುಚ್ಚಿ, ಅವನ ತೂಕ ನೋಡು. ಜಡ್ಡಿನ ಕೂಸು ಹಿಂಗ ಇರ್ತೈತೇನು?" ಅಂದೆ. ಎರಡನೇ ಸಲ ಕೇಳಿದಾಗ, ಸುಗ್ಗಿ ಮುಗಿಯಲಿ ಅಂದೆ. ಮೂರನೇ ಸಲ ಅವಳು ಕೇಳಲಿಲ್ಲ. ಕೂಸು ಕಾಟಾದ ಮೇಲೆ ವಾಲಿದ ಸುದ್ದಿ ಕಿವಿಗೆ ಬಿದ್ದ ಮರುದಿನ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸಿಗೆ ಹೊರಟಳು. ನಾನು ಹಿಂದಿನಿಂದ ಓಡಿದೆ.

ಡಾಕ್ಟರು ಕೂಸಿನ ಕಂಕುಳಿಗೆ ಕೈ ಕೊಟ್ಟು ಎತ್ತಿದರು. ಕಾಲು ಸುಮ್ಮನೆ ಜೋತುಬಿದ್ದವು. "ಮೈಯಾಗ ಬಿಗಿ ಕಡಿಮಿ ಐತ್ರಿ. ಪರೀಕ್ಷಾ ಮಾಡ್ಸೂಣು. ವ್ಯಾಯಾಮ ಇವತ್ತಿಂದನ ಸುರು ಮಾಡ್ರಿ."

"ನಾ ಯಾವಾಗ್ಲೂ ಎತ್ಕೊಂಡ ಇರ್ತೇನ್ರಿ. ಅದಕ್ಕ ಹಿಂಗಾತೇನ್ರಿ?" ಅಂತ ನಾನು ಕೇಳಿದೆ.

"ಅದಕ್ಕಲ್ಲ. ಆದ್ರ ಮೊದಲ ಬಂದಿದ್ರ ಚೊಲೊ ಇತ್ತು. ಮುಂದ ಹೆಂಗ ಅಂತ ಈಗ ಹೇಳಾಕ ಬರೂದಿಲ್ಲ."

ವಾಪಸ್ ಬರುವಾಗ ರೇಣುಕಾ ಬಸ್ಸಿನ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಿಲ್ಲಿನಲ್ಲಿ ಬರೀ ತೂಕ ನಂಬಿ ನಾನು ಒಂದು ಚೀಲವನ್ನೂ ಇಳಿಸಿಕೊಂಡವನಲ್ಲ. ಹಸಿ ಭತ್ತವೂ ಭಾರವೇ ತೂಗುತ್ತದೆ. ಅದಕ್ಕೇ ಒಂದು ಕಾಳನ್ನು ಹಲ್ಲಲ್ಲಿ ಕಡಿದು ನೋಡುತ್ತೇವೆ. ಕಟ್ ಅಂದರೆ ಒಣಗಿದೆ, ಮೆತ್ತಗಾದರೆ ವಾಪಸ್. ಕಂಡವರ ಭತ್ತದ ಮೇಲೆ ಇಷ್ಟು ಅನುಮಾನ ಪಡುವವನು ಮನೆಯ ಕೂಸಿನ ವಿಷಯದಲ್ಲಿ ಯಾಕೆ ಪಡಲಿಲ್ಲ?

ಹೊಗಳಿಕೆ ರುಚಿಸಿತ್ತು, ಅಷ್ಟೇ. ಸಂತೆಯಲ್ಲಿ ಎತ್ತಿಕೊಂಡು ತಿರುಗಿದರೆ ಎಲ್ಲರೂ ಕೇಳಿದ್ದು ಎಷ್ಟು ಕೆಜಿ ಅಂತ. ಏನೇನು ಮಾಡುತ್ತಾನೆ ಅಂತ ಒಬ್ಬರೂ ಕೇಳಲಿಲ್ಲ. (ನೀವು ಕೇಳುತ್ತೀರಾ?)

ಈಗ ದಿನಾ ಸಂಜೆ ಅವನನ್ನು ಜಮಖಾನದ ಮೇಲೆ ಬೋರಲು ಮಲಗಿಸುತ್ತೇವೆ. ಎದೆ ಎತ್ತಲು ಹೆಣಗುತ್ತಾನೆ. ಆಗದೆ ಅಳುತ್ತಾನೆ. ನನ್ನ ಕಡೆ ನೋಡುತ್ತಾನೆ.

"ಎತ್ತಬ್ಯಾಡಣ್ಣಾ" ಅನ್ನುತ್ತಾಳೆ ರೇಣುಕಾ.

ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಕೂರುತ್ತೇನೆ. ಈ ಸಲವಾದರೂ ಅವಳ ಮಾತು ಕೇಳಬೇಡವೇ?