ಒಂದು ಕೀಲಿಲ್ಲದ ಪುಟ್ಟ ಚಕ್ಕಡಿ

ನಾನು ಚಿಕ್ಕವನಿದ್ದಾಗ ಮಾಡಿದ ಪುಟ್ಟ ಎತ್ತಿನ ಚಕ್ಕಡಿ ಅದು, ಪಡಸಾಲೆಯ ಗೂಡಿನಲ್ಲಿ ಇದೆಯಲ್ಲ, ಅದೇ. ನೀವಿಬ್ಬರೂ ಅದನ್ನು ಎಷ್ಟು ಸಲ ಇಳಿಸಿ ನೋಡಿದ್ದೀರೋ! ಪ್ರತಿ ಸಲವೂ ಒಂದೇ ಪ್ರಶ್ನೆ: ಅಜ್ಜಾ, ಈ ಗಾಲಿಗೆ ಕೀಲು ಇದೆ, ಆ ಗಾಲಿಗೆ ಯಾಕಿಲ್ಲ? ಎಲ್ಲೋ ಕಳೆದುಹೋಯಿತು ಎಂದು ಹೇಳುತ್ತ ಬಂದಿದ್ದೇನೆ. ಅದು ಸುಳ್ಳು. ಎಂಬತ್ತು ದಾಟಿದ ಮುದುಕ ಮೊಮ್ಮಕ್ಕಳ ಮುಂದೆ ಸುಳ್ಳು ಹೇಳಿದ್ದಾನೆ, ಅದೂ ಒಂದಲ್ಲ, ಹತ್ತು ಸಲ. ಇವತ್ತು ನಿಜ ಹೇಳುತ್ತೇನೆ. ನೆಟ್ಟಗೆ ಕುಳಿತು ಕೇಳಿ, ನಡುವೆ ಮೊಬೈಲ್ ಮುಟ್ಟಬೇಡಿ.

ಆಗ ನಮ್ಮ ಮನೆ ತಿಕೋಟದಲ್ಲಿತ್ತು. ಈ ವಿಜಯಪುರಕ್ಕೆ ಆಗ ಎಲ್ಲರೂ ವಿಜಾಪುರ ಎನ್ನುತ್ತಿದ್ದರು. ವರ್ಷಕ್ಕೆ ಒಂದೆರಡು ಸಲ ನಾವು ಇಲ್ಲಿಗೆ ಬಂದರೆ ಹೆಚ್ಚು. ಅಪ್ಪ ಬಡಿಗ. ಹೊನವಾಡದವರು, ತೊರವಿಯವರು ಕೂಡ ಚಕ್ಕಡಿ ಮಾಡಿಸಲು ಅಪ್ಪನನ್ನೇ ಹುಡುಕಿಕೊಂಡು ಬರುತ್ತಿದ್ದರು. ಮನೆಯ ಮುಂದೊಂದು ಚಪ್ಪರ. ಅದರ ಕೆಳಗೆ ಜಾಲಿ ಕಟ್ಟಿಗೆಯ ಚಕ್ಕೆಗಳು ಕಾಲಿಗೆ ಚುಚ್ಚುತ್ತಿದ್ದವು, ಕೆತ್ತಿದ ಹಸಿ ಮರದ ವಾಸನೆ, ಅಚ್ಚಿಗೆ ಹಚ್ಚುವ ಕೀಲೆಣ್ಣೆಯ ವಾಸನೆ ಇಡೀ ದಿನ ಮೂಗಿನಲ್ಲಿರುತ್ತಿತ್ತು. ಅದು ಎರಡನೆಯ ಮಹಾಯುದ್ಧದ ಕಾಲ. ಕಬ್ಬಿಣ ಸಿಗುವುದೇ ಕಷ್ಟವಾಗಿತ್ತು. ಒಂದು ಸೊಟ್ಟ ಮೊಳೆ ಕಂಡರೂ ಅಪ್ಪ ಎತ್ತಿ, ಕಲ್ಲಿನ ಮೇಲೆ ತಟ್ಟಿ ನೆಟ್ಟಗೆ ಮಾಡಿ ಡಬ್ಬಿಗೆ ಹಾಕುತ್ತಿದ್ದ.

ನಮ್ಮ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಹುಡುಗನ ಕೈಗೆ ಬಾಚಿ ಸುಮ್ಮನೆ ಬರುತ್ತಿರಲಿಲ್ಲ. ಮರ ಕೆತ್ತುವ ಆ ಬಾಚಿ ಬೇಕಾದರೆ ಮೊದಲು ಎರಡು ಅಂಗೈ ಮೇಲೆ ಕೂರುವಷ್ಟು ಚಿಕ್ಕ ಚಕ್ಕಡಿಯೊಂದನ್ನು ಅವನೊಬ್ಬನೇ ಮಾಡಬೇಕು. ನೊಗದಿಂದ ಹಿಡಿದು ಕೀಲಿನವರೆಗೆ ಅದರಲ್ಲಿ ಏನೂ ಕಡಿಮೆ ಇರಬಾರದು, ನೆಲದ ಮೇಲೆ ಬಿಟ್ಟರೆ ಉರುಳಬೇಕು. ಅಪ್ಪ ತನ್ನ ಅಪ್ಪನಿಗೆ ಹಾಗೆ ಮಾಡಿ ತೋರಿಸಿದ್ದನಂತೆ. ನನಗೆ ಹತ್ತು ತುಂಬಿದ ವರ್ಷ ನಾನೂ ಶುರುಮಾಡಿದೆ. ಬಾಚಿ ಕೈಗೆ ಬಂದರೆ ಚಪ್ಪರದ ಕೆಳಗೆ ಅಪ್ಪನ ಬಗಲಲ್ಲಿ ಕುಳಿತು ಕೆಲಸ ಮಾಡಬಹುದು. ನನಗೆ ಅದರ ಹೊರತು ಬೇರೆ ಆಸೆಯೇ ಇರಲಿಲ್ಲ.

ಮೊದಲನೆಯ ಗಾಲಿ ಹಾಳಾಯಿತು. ದೊಡ್ಡ ಚಕ್ಕಡಿಯ ಗಾಲಿಯ ಎತ್ತರವನ್ನು ಅಪ್ಪ ತನ್ನ ಗೇಣು ಹಾಕಿ ಹೇಳಿದ್ದ, ಅಚ್ಚಿನ ಉದ್ದವನ್ನು ನಾನು ನನ್ನ ಗೇಣಿನಿಂದ ಅಳೆದಿದ್ದೆ. ಜೋಡಿಸಿ ನೋಡಿದರೆ ಆಡಿನ ಕಾಲಿಗೆ ಆನೆಯ ನಡ ಕಟ್ಟಿದಂತಿತ್ತು. ಅಪ್ಪ ನಕ್ಕುಬಿಟ್ಟ.

"ಕೈ ಬದಲಾತಂದ್ರ ಅಳತಿ ಬದಲಾತು. ದಾರ ತಗೋ. ದಾರ ಯಾರ ಕೈಯಾಗಿದ್ರೂ ಒಂದ ಇರತೈತಿ."

ಹೇಗೆ ಅಂತ ಹೇಳುತ್ತೇನೆ, ನೀವೂ ಮಾಡಿ ನೋಡಿ. ದೊಡ್ಡ ಚಕ್ಕಡಿಯ ಯಾವುದೇ ಭಾಗಕ್ಕೆ ದಾರ ಹಿಡಿದು ಅಷ್ಟುದ್ದ ಕತ್ತರಿಸಬೇಕು. ಆ ದಾರವನ್ನು ಎರಡು ಮಡಿಕೆ ಮಾಡಿ, ಮತ್ತೆ ಎರಡು ಮಡಿಕೆ ಮಾಡಿ, ಆಮೇಲೆ ಮೂರು ಮಡಿಕೆ ಮಾಡಿದರೆ ಹನ್ನೆರಡರಲ್ಲಿ ಒಂದು ಪಾಲು ಸಿಗುತ್ತದೆ. ಪ್ರತಿ ಭಾಗಕ್ಕೂ ಅಷ್ಟೇ ಮಡಿಕೆ. ಹೆಚ್ಚು ಮಾಡಬಾರದು, ಕಡಿಮೆ ಮಾಡಬಾರದು. ಆದರೆ ಗಾಲಿಯ ಅರಗಳಂಥ ತೆಳ್ಳಗಿನ ಕಡ್ಡಿಗಳನ್ನು ಲೆಕ್ಕದ ಪ್ರಕಾರವೇ ಸಣ್ಣ ಮಾಡಿದರೆ ಮುಟ್ಟಿದರೆ ಮುರಿಯುತ್ತವೆ. ಅವನ್ನು ಒಂದು ಕೂದಲೆಳೆಯಷ್ಟು ಹೆಚ್ಚು ದಪ್ಪ ಬಿಡಬೇಕು. ಕಣ್ಣಿಗೆ ಗೊತ್ತಾಗುವುದಿಲ್ಲ.

ಮರ ಕತ್ತರಿಸುವ ಮೊದಲು ಎಲ್ಲವನ್ನೂ ಜೋಳದ ದಂಟಿನಲ್ಲಿ ಮಾಡಿ ನೋಡುತ್ತಿದ್ದೆ. ಬಣವೆಯಿಂದ ಒಣ ಕಣಿಕೆ ಎಳೆದು, ಮೇಲಿನ ಸಿಪ್ಪೆ ಸುಲಿದರೆ ಒಳಗೆ ಬೆಳ್ಳಗಿನ ಬೆಂಡು. ಚಾಕು ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತದೆ. ತಪ್ಪಿದರೆ ಎಮ್ಮೆಗೆ ಹಾಕಿ ಇನ್ನೊಂದು ಎಳೆದುಕೊಂಡರಾಯಿತು. ಬೆಂಡಿನಲ್ಲಿ ಸರಿ ಬಂದದ್ದನ್ನು ಮಾತ್ರ ಬೇವಿನ ಕಟ್ಟಿಗೆಯಲ್ಲಿ ಮಾಡಬೇಕು. ತೂತು ಹಾಕಲು ದಬ್ಬಣವನ್ನು ಕೆಂಡದಲ್ಲಿ ಕಾಯಿಸಿ ಚುಚ್ಚುತ್ತಿದ್ದೆ, ಮರ ಸೀಳುತ್ತಿರಲಿಲ್ಲ. ಅಂಟಿಗೆ ಜಾಲಿಯ ಗೋಂದು. ನುಣುಪಿಗೆ ಒಡೆದ ಗಾಜಿನ ಚೂರಿನಿಂದ ಮೆಲ್ಲಗೆ ಹೆರೆಯುತ್ತಿದ್ದೆ. ಗಾಲಿಯ ಸುತ್ತು ಬಗ್ಗಿಸಲು ಬಿದಿರಿನ ದಬ್ಬೆ ಸೀಳಿ, ನೀರಿನಲ್ಲಿ ನೆನೆಯಿಟ್ಟು ಬಾಗಿಸುತ್ತಿದ್ದೆ. ಹೀಗೆ ಎರಡು ತಿಂಗಳು ಹಿಡಿಯಿತು. ಶ್ರಾವಣ ಬರುವ ಹೊತ್ತಿಗೆ ಚಕ್ಕಡಿ ಮುಗಿದಿತ್ತು. ಉಳಿದದ್ದು ಎರಡು ಕೀಲು ಮಾತ್ರ.

ಕೀಲು ಎಂದರೆ ಅಚ್ಚಿನ ತುದಿಯ ತೂತಿಗೆ ಹಾಕುವ ಕಬ್ಬಿಣದ ಬೆಣೆ. ನಮ್ಮ ಕಡೆ ಅದಕ್ಕೆ ಕಡಾಣಿ ಎನ್ನುತ್ತಾರೆ. ಗಾಲಿ ಜಾರಿ ಹೊರಗೆ ಬರದಂತೆ ತಡೆಯುವುದು ಅದೊಂದೇ. ಅದರ ತಲೆ ಒಂದು ಕಡೆಗೆ ಸ್ವಲ್ಪ ಬಾಗಿರುತ್ತದೆ. ಆ ಬಾಗು ನನಗೆ ಹಿಡಿತಕ್ಕೆ ಸಿಗಲಿಲ್ಲ. ಎಷ್ಟು ಸಲ ಬೆಂಡಿನಲ್ಲಿ ಮಾಡಿದರೂ ತಪ್ಪುತ್ತಿತ್ತು.

ಆ ನಾಗರ ಪಂಚಮಿಗೆ ಅಕ್ಕ ತವರಿಗೆ ಬಂದಿದ್ದಳು. ಹಿಂದಿನ ವರ್ಷ ಅವಳನ್ನು ಬಾಬಲೇಶ್ವರಕ್ಕೆ ಕೊಟ್ಟಿದ್ದರು. ಮನೆಯೆಲ್ಲ ಜೋಳದ ಅಳ್ಳು ಹುರಿದ ಘಮ, ಡಬ್ಬಿಯಲ್ಲಿ ನಾಲ್ಕು ಬಗೆಯ ಉಂಡಿ, ಬೇವಿನ ಮರಕ್ಕೆ ಜೋಕಾಲಿ. ಪಂಚಮಿ ಮುಗಿದ ಮರುದಿನ ನಮ್ಮ ಊರಿನ ಗೌಡರ ಚಕ್ಕಡಿ ಚಪ್ಪರದ ಕೆಳಗೆ ನಿಂತಿತ್ತು. ಅಪ್ಪ ಅದರ ನೊಗ ಬದಲಿಸಿ, ಗಾಲಿಗೆ ಕೀಲೆಣ್ಣೆ ಹಾಕಿ, ಕೆಲಸ ಮುಗಿಸಿ ಕೈ ತೊಳೆದಿದ್ದ. ಮರುದಿನ ಬೆಳಿಗ್ಗೆ ಗೌಡರು ಬಾಬಲೇಶ್ವರಕ್ಕೆ ಹೊರಡುವವರಿದ್ದರು, ಅಕ್ಕನನ್ನೂ ಅದರಲ್ಲೇ ಕಳಿಸುವುದೆಂದು ಮಾತಾಗಿತ್ತು.

ಮಧ್ಯಾಹ್ನ ಅಪ್ಪ ಮಲಗಿದ್ದಾಗ ನಾನು ಆ ಚಕ್ಕಡಿಯ ಒಂದು ಕೀಲನ್ನು ಮೆಲ್ಲಗೆ ತಟ್ಟಿ ತೆಗೆದೆ. ಹಸಿ ಮಣ್ಣಿನಲ್ಲಿ ಒತ್ತಿದರೆ ಅದರ ಬಾಗು ಸರಿಯಾಗಿ ಸಿಗುತ್ತದೆ ಎಂದು ನನ್ನ ಲೆಕ್ಕ. ಬಿಚ್ಚಿದ್ದನ್ನು ಮೊದಲು ಹಾಕಿ ಆಮೇಲೆ ಬೇರೆ ಕೆಲಸ ಮಾಡಬೇಕೆಂದು ಅಪ್ಪ ನೂರು ಸಲ ಹೇಳಿದ್ದ. ಆದರೆ ನನ್ನ ಜಾಣತನ ನೋಡಿ. ಖಾಲಿ ತೂತು ಕಂಡರೆ ಅಪ್ಪ ಬೈಯುತ್ತಾನೆಂದು ಒಂದು ಗಟ್ಟಿ ಕಣಿಕೆಯ ತುಂಡನ್ನು ಕೀಲಿನ ಹಾಗೆ ಕೆತ್ತಿ, ಕೀಲೆಣ್ಣೆಯಲ್ಲಿ ಅದ್ದಿ ಕಪ್ಪು ಮಾಡಿ, ಆ ತೂತಿಗೆ ಸಿಕ್ಕಿಸಿದೆ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಥೇಟ್ ಕಬ್ಬಿಣವೇ. ನನ್ನ ಕೈಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ. ಆ ಹೆಮ್ಮೆಯನ್ನು ನೆನೆಸಿಕೊಂಡರೆ ಈಗಲೂ ಮುಖ ಮುಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಹಿತ್ತಲಲ್ಲಿ ಮಣ್ಣು ನಾದಿ ಕೀಲು ಒತ್ತಿಟ್ಟೆ. ಅಷ್ಟರಲ್ಲಿ ಅಕ್ಕ ಜೋಕಾಲಿ ತೂಗಲು ಕರೆದಳು. ನಾಳೆ ಹೋಗಿಬಿಡುತ್ತಾಳೆ ಎಂದು ಓಡಿದೆ. ಅವಳು ತೂಗಿದಳು, ನಾನು ಜೀಕಿದೆ, ಇಬ್ಬರೂ ಉಂಡಿ ತಿಂದೆವು. ಕೀಲು ಮಣ್ಣಿನಲ್ಲಿಯೇ ಉಳಿಯಿತು. ನನಗೆ ಅದರ ನೆನಪೇ ಆಗಲಿಲ್ಲ.

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಚಕ್ಕಡಿ ಊರು ದಾಟಿತ್ತು. ಹಲ್ಲು ತಿಕ್ಕುತ್ತ ಹಿತ್ತಲಿಗೆ ಹೋದವನಿಗೆ ಮಣ್ಣಿನಲ್ಲಿ ಕಪ್ಪಗೆ ಮಲಗಿದ್ದ ಕೀಲು ಕಂಡಿತು. ಕೂಗಿಕೊಂಡು ಓಡಿದ್ದರೆ ಆಗ ಇನ್ನೂ ಹೊತ್ತಿತ್ತು. ಎತ್ತು ನಡೆದೇ ತಾನೆ ಹೋಗುವುದು, ಹುಡುಗ ಓಡಿದರೆ ಸಿಗುತ್ತಿತ್ತು. ನಾನು ಓಡಲಿಲ್ಲ. ಕಣಿಕೆ ಗಟ್ಟಿಯಿತ್ತು, ತಡೆದೀತು, ಚಕ್ಕಡಿ ತಿರುಗಿ ಬಂದ ಮೇಲೆ ಯಾರಿಗೂ ಗೊತ್ತಾಗದಂತೆ ಬದಲಿಸಿದರಾಯಿತು ಎಂದುಕೊಂಡು ಅಲ್ಲಿಯೇ ಕುಳಿತೆ.

ಸ್ವಲ್ಪ ಹೊತ್ತಿಗೆ ಒಬ್ಬ ಆಳು ಓಡಿ ಬಂದ. ಊರ ಹೊರಗಿನ ಹಳ್ಳದ ಇಳಿಜಾರಿನಲ್ಲಿ ಗಾಲಿ ಕಳಚಿ ಚಕ್ಕಡಿ ಮಗ್ಗುಲಾಗಿದೆ, ಅಕ್ಕ ಬಿದ್ದಿದ್ದಾಳೆ ಎಂದ. ಅಪ್ಪ ಬರಿಗಾಲಿನಲ್ಲಿ ಓಡಿದ. ಹಿಂದೆ ನಾನು.

ಅಕ್ಕ ಬದುವಿನ ಮೇಲೆ ಕುಳಿತಿದ್ದಳು, ಎಡಗೈಯನ್ನು ಬಲಗೈಯಲ್ಲಿ ಎತ್ತಿ ಹಿಡಿದುಕೊಂಡಿದ್ದಳು. ಹಬ್ಬಕ್ಕೆಂದು ತೊಟ್ಟ ಹಸಿರು ಬಳೆಗಳು ಚೂರುಚೂರಾಗಿ ಮಣ್ಣಿನಲ್ಲಿದ್ದವು. ಅವ್ವ ಕಟ್ಟಿಕೊಟ್ಟಿದ್ದ ಉಂಡಿಗಳು ಹಳ್ಳದ ಕಡೆ ಉರುಳಿ ಹೋಗಿದ್ದವು. ಅಪ್ಪ ಮೊದಲು ಅಕ್ಕನ ಕೈ ನೋಡಿದ. ಆಮೇಲೆ ಚಕ್ಕಡಿಯ ಹತ್ತಿರ ಹೋಗಿ ಬಗ್ಗಿದ. ಅಚ್ಚಿನ ತೂತಿನೊಳಗೆ ಕಿರುಬೆರಳು ಹಾಕಿ ಏನನ್ನೋ ಎಳೆದ. ಜಜ್ಜಿದ ಕಣಿಕೆಯ ಎಳೆ, ಹೊರಗೆ ಕಪ್ಪು, ಒಳಗೆ ಬಿಳಿ. ಅದನ್ನು ಒಂದು ಕ್ಷಣ ನೋಡಿದ, ಮುಷ್ಟಿ ಮುಚ್ಚಿದ, ಮೆಲ್ಲಗೆ ಅಂಗಿಯ ಕಿಸೆಗೆ ಹಾಕಿಕೊಂಡ. ನನ್ನ ಕಡೆ ತಿರುಗಲಿಲ್ಲ. ಬೇರೆ ಯಾರೂ ನೋಡಲಿಲ್ಲ, ನಾನೊಬ್ಬ ನೋಡಿದೆ.

ಅಷ್ಟರಲ್ಲಿ ಹತ್ತಿಪ್ಪತ್ತು ಮಂದಿ ಸೇರಿದ್ದರು. ಗೌಡರು ಒಳ್ಳೆಯವರು, ಆದರೆ ಅವತ್ತು ಅವರಿಗೂ ಸಿಟ್ಟು ಬಂದಿತ್ತು.

"ಬಡಿಗ್ಯಾ, ನಿನ್ನ ಕೈಯಾಗಿಂದ ಬಂದ ಚಕ್ಕಡಿ ಅಂತ ನಾ ಕಣ್ಮುಚ್ಚಿ ಹತ್ತಿದ್ನೆಪಾ. ಕಡಾಣಿ ಇಲ್ಲದ ಹೆಂಗ ಕಳಿಸಿದಿ?"

ಅಪ್ಪ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. "ತಪ್ಪು ನಂದ ಐತ್ರಿ ಗೌಡ್ರ," ಎಂದ. "ಕಡಾಣಿ ಕೈಲೆ ಮುಟ್ಟಿ ನೋಡಬೇಕಿತ್ತು. ಬರೇ ಕಣ್ಣಿಲೆ ನೋಡಿ ಬಿಟ್ಟೆ."

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಅವತ್ತು ಮಾಡಿದವನು ನಾನು, ಉಂಡವನು ಅಪ್ಪ. ಬಾಯಿ ತೆರೆಯಲು ನೋಡಿದೆ. ಈಗ ಹೇಳುತ್ತೇನೆ, ಇನ್ನೊಂದು ಕ್ಷಣಕ್ಕೆ ಹೇಳುತ್ತೇನೆ ಎಂದುಕೊಳ್ಳುತ್ತಲೇ ಜನ ಚದುರಿ ಹೋದರು.

ಎಲುಬು ಕೂಡಿಸುವ ಮುದುಕ ಬಂದು ಅಕ್ಕನ ಕೈ ಕಟ್ಟಿದ. ಕಟ್ಟಲು ದಬ್ಬೆ ಬೇಕೆಂದಾಗ ಅವ್ವ ಒಳಗಿನಿಂದ ತಂದುಕೊಟ್ಟದ್ದು ನಾನು ಪುಟ್ಟ ಗಾಲಿಗೆಂದು ಸೀಳಿ ಉಳಿಸಿದ್ದ ಬಿದಿರು. ಕೀಲನ್ನು ನಾನು ಸಂಜೆ ತೊಳೆದು, ಒರೆಸಿ, ಅಪ್ಪನ ಹತಾರದ ಪೆಟ್ಟಿಗೆಯ ಮೇಲೆ ಇಟ್ಟು ಬಂದೆ. ಬೆಳಿಗ್ಗೆ ಅದು ಅಲ್ಲಿರಲಿಲ್ಲ. ಎಲ್ಲಿ ಸಿಕ್ಕಿತು ಎಂದು ಅಪ್ಪ ಯಾರನ್ನೂ ಕೇಳಲಿಲ್ಲ.

ಗೌಡರು ಮುಂದೆ ಚಕ್ಕಡಿಯನ್ನು ಹೊನವಾಡದ ಬಡಿಗನ ಹತ್ತಿರ ಕಳಿಸತೊಡಗಿದರು. ಅವರನ್ನು ನೋಡಿ ಇನ್ನೂ ಕೆಲವರು ಹಾಗೆಯೇ ಮಾಡಿದರು. ಕಡಾಣಿ ಮರೆತ ಬಡಿಗ ಎಂದು ಯಾರೋ ಕಟ್ಟೆಯ ಮೇಲೆ ನಕ್ಕದ್ದನ್ನು ನಾನೇ ಕೇಳಿದ್ದೇನೆ. ಅಲ್ಲಿಂದ ತಲೆ ತಗ್ಗಿಸಿಕೊಂಡು ಬಂದೆ.

ಕೈ ಕೂಡುವವರೆಗೆ ಅಕ್ಕ ನಮ್ಮಲ್ಲೇ ಉಳಿದಳು. ಒಂದು ದಿನ ನನ್ನ ಚಕ್ಕಡಿ ತರಿಸಿಕೊಂಡು ಒಳ್ಳೆಯ ಕೈಯಿಂದ ಹಾಸಿಗೆಯ ಮೇಲೆ ಉರುಳಿಸಿ ನೋಡಿದಳು.

"ಎಷ್ಟ ಚಂದ ಮಾಡೀಯೋ ತಮ್ಮಾ. ಖರೇ ಚಕ್ಕಡಿ ಇದ್ದಂಗ ಐತಿ."

ನಾನು ಎದ್ದು ಹಿತ್ತಲಿಗೆ ಹೋಗಿ ಬಣವೆಯ ಹಿಂದೆ ನಿಂತು ಅತ್ತೆ. ಅವಳ ಆ ಕೈ ಕೊನೆಯವರೆಗೂ ಸ್ವಲ್ಪ ಸೊಟ್ಟಗೇ ಇತ್ತು. ರೊಟ್ಟಿ ಬಡಿಯುವಾಗ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿಯುತ್ತಿದ್ದಳು. ಅವಳ ಮನೆಗೆ ಹೋದಾಗಲೆಲ್ಲ ಆ ರೊಟ್ಟಿ ತಿಂದಿದ್ದೇನೆ, ಅವಳಿಗೂ ಹೇಳಲಿಲ್ಲ.

ಅಕ್ಕ ಬಾಬಲೇಶ್ವರಕ್ಕೆ ಹೋದ ಮೇಲೆ ಒಂದು ಸಂಜೆ ಅಪ್ಪ ನನ್ನನ್ನು ಚಪ್ಪರಕ್ಕೆ ಕರೆದ. ಒಂದು ಮೊಳೆಯನ್ನು ಕಾಯಿಸಿ, ಬಡಿದು, ಕಬ್ಬಿಣ ಉಜ್ಜುವ ಕಾನಸದಿಂದ ತಿಕ್ಕಿ ಅಕ್ಕಿ ಕಾಳಿನಷ್ಟು ಕೀಲು ಮಾಡಿದ್ದ. ತಲೆಯ ಬಾಗು ಸರಿಯಾಗಿತ್ತು. ಅದನ್ನು ನನ್ನ ಚಕ್ಕಡಿಯ ಒಂದು ಗಾಲಿಗೆ ಹಾಕಿದ. ಇನ್ನೊಂದು ಮೊಳೆಯನ್ನು ನನ್ನ ಅಂಗೈಯಲ್ಲಿಟ್ಟ.

"ಒಂದು ನಾ ಮಾಡೀನಿ, ಇನ್ನೊಂದು ನೀ ಮಾಡು. ಅವಸರ ಇಲ್ಲ. ಏನರೆ ಹೇಳೂದಿದ್ರ ಹೇಳಿ, ಆಮ್ಯಾಲ ಮಾಡು."

ಅಷ್ಟು ಬಾಗಿಲು ತೆರೆದುಕೊಟ್ಟರೂ ನಾನು ಒಳಗೆ ಹೋಗಲಿಲ್ಲ. ಹೂಂ ಎಂದು ಮೊಳೆ ಕಿಸೆಗೆ ಹಾಕಿಕೊಂಡು ಬಂದೆ. ಹೇಳದೆ ಕೀಲು ಮಾಡಲು ಕೈ ಬರಲಿಲ್ಲ. ಕೀಲಿಲ್ಲದ ಚಕ್ಕಡಿಗೆ ಬಾಚಿ ಸಿಗಲಿಲ್ಲ. ಸಾಲೆ ಕಲಿತೆ, ಮಾಸ್ತರನಾದೆ. ಅಜ್ಜ ಓದಿನಲ್ಲಿ ಜಾಣ, ಅದಕ್ಕೇ ಬಡಿಗತನ ಬಿಟ್ಟ ಎಂದು ನಿಮ್ಮ ಅಪ್ಪ ಹೇಳುತ್ತಾನಲ್ಲ, ಅದು ಹೀಗೆ. ನನ್ನ ಅಪ್ಪ ತೀರಿಕೊಳ್ಳುವ ದಿನದವರೆಗೂ ಆ ಮಾತು ಎತ್ತಲಿಲ್ಲ. ನಾನು ಬರುತ್ತೇನೆಂದು ಕಾದಿರಬೇಕು.

ಈಗ ನಿಮ್ಮ ಕಾಲ ಬೇರೆ. ವಿಜಯಪುರದ ಇಬ್ರಾಹಿಂಪುರ ಬಡಾವಣೆಯ ಈ ಮನೆಗೆ ನಿಮ್ಮ ವಿಮಾನ, ನಿಮ್ಮ ರೈಲು ಪೆಟ್ಟಿಗೆಯಲ್ಲಿ ತುಂಡುತುಂಡಾಗಿ ಬರುತ್ತವೆ. ಪ್ರತಿ ತುಂಡಿಗೂ ನಂಬರು, ಅಂಟಿನ ಟ್ಯೂಬು ಜೊತೆಗೇ. ಒಂದು ಕಡಿಮೆ ಬಿದ್ದರೆ ಫೋನು ಮಾಡಿದರೆ ಸಾಕು, ಇನ್ನೊಂದು ಮನೆ ಬಾಗಿಲಿಗೆ ಬರುತ್ತದೆ. ದಾರ ಮಡಚುವ ಕೆಲಸ ನಿಮಗಿಲ್ಲ. ಅದಕ್ಕೆ ನಾನು ಗೊಣಗುತ್ತಿರುತ್ತೇನೆ, ಗೊತ್ತು.

ಆದರೆ ಮೊನ್ನೆ ಏನಾಯಿತು? ತಂಗಿ ನೋಡದೆ ಅಣ್ಣನ ವಿಮಾನದ ಮೇಲೆ ಕಾಲಿಟ್ಟಳು. ರೆಕ್ಕೆ ಮುರಿಯಿತು. ಯಾರೂ ನೋಡಿರಲಿಲ್ಲ. ಅವಳು ಆ ತುಂಡು ಹಿಡಿದುಕೊಂಡು ನೆಟ್ಟಗೆ ಅಣ್ಣನ ಮುಂದೆ ಹೋಗಿ, ನಾನೇ ಮುರಿದೆ ಎಂದಳು. ಇವನು ಕೂಗಾಡಿದ, ಅವಳು ಅತ್ತಳು, ಊಟದ ಹೊತ್ತಿಗೆ ಇಬ್ಬರೂ ಕೂಡಿ ಅಂಟು ಹಚ್ಚುತ್ತಿದ್ದರು. ನಾನು ಕುರ್ಚಿಯಲ್ಲಿ ಕುಳಿತು ಎಲ್ಲ ನೋಡಿದೆ. ಎಂಟು ವರ್ಷದ ಹುಡುಗಿಗೆ ಅರ್ಧ ನಿಮಿಷ ಹಿಡಿಯಿತು. ನನಗೆ ಎಪ್ಪತ್ತು ವರ್ಷದಲ್ಲಿ ಆಗಿರಲಿಲ್ಲ. ಅವತ್ತು ರಾತ್ರಿ ನಾನು ಸರಿಯಾಗಿ ಉಣ್ಣಲಿಲ್ಲ, ನಿಮ್ಮ ಅವ್ವ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿದಳು.

ಈಗ ಹೇಳಿಯಾಯಿತು. ಕೇಳಬೇಕಾದ ಅಪ್ಪ, ಅಕ್ಕ ಇಬ್ಬರೂ ಈಗಿಲ್ಲ, ನೀವು ಕೇಳಿದಿರಿ. ಏಳಿ, ಗೂಡಿನಲ್ಲಿ ಚಕ್ಕಡಿಯ ಹಿಂದೆ ಒಂದು ತಗಡಿನ ಡಬ್ಬಿಯಿದೆ, ತನ್ನಿ. ಅದರಲ್ಲಿ ಅಪ್ಪ ಕೊಟ್ಟ ಮೊಳೆಯಿದೆ. ತುಕ್ಕು ಹಿಡಿದಿದೆ, ಆದರೂ ಆದೀತು. ಕಾನಸವೂ ಅಲ್ಲೇ ಇದೆ. ಇನ್ನೊಂದು ಕೀಲನ್ನು ಈಗ ಮಾಡುತ್ತೇನೆ, ನೀವು ಮೊಳೆಯ ಆ ತುದಿ ಗಟ್ಟಿಯಾಗಿ ಹಿಡಿದುಕೊಳ್ಳಿ.