ತೊಟ್ಟಿಲ ಕೊಂಡಿಯ ವಿಮಾನಗಳು

ಹೇಳುತ್ತೇನೆ, ಹೇಳುತ್ತೇನೆ ಎಂದು ಇಷ್ಟು ವರ್ಷ ಮುಂದೂಡುತ್ತಲೇ ಬಂದೆ. ಹಬ್ಬ ಮುಗಿಯಲಿ, ಮಗಳ ಮದುವೆಯಾಗಲಿ, ನೌಕರಿಯಿಂದ ನಿವೃತ್ತಿಯಾಗಲಿ — ಒಂದಲ್ಲ ಒಂದು ನೆಪ. ಈಗ ನೆಪ ಹುಡುಕುವುದಕ್ಕೂ ದಣಿವು. ಆದ್ದರಿಂದ ಮೊದಲೇ ಬರೆದುಬಿಡುತ್ತೇನೆ. ನನ್ನ ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ನಾನು ಒಂದೇ ಸಮನೆ ಸುಳ್ಳು ಹೇಳಿದೆ. ಆ ಸುಳ್ಳು ಹತ್ತು ಜನರ ಎದುರು ಬಯಲಾದ ದಿನ, ಅದು ಅವರದೇ ಎಂದು ಹೇಳಿ ನಾನು ಪಾರಾದೆ. ಅದರಿಂದ ಅವರಿಗೆ ಸಿಗಬೇಕಾದದ್ದು ಸಿಗಲಿಲ್ಲ. ನನಗೆ ಸಿಕ್ಕಿತು.

ಆಗ ನಮ್ಮ ಜಮಖಂಡಿ ಮುಂಬಯಿ ರಾಜ್ಯದಲ್ಲಿತ್ತು. ಸಂಸ್ಥಾನ ಹೋಗಿ ಹೆಚ್ಚು ಕಾಲವಾಗಿರಲಿಲ್ಲ. ಅಪ್ಪ ತೀರಿಕೊಂಡಿದ್ದರು. ಅಣ್ಣ ರಬಕವಿಯಲ್ಲಿ ಒಬ್ಬ ಸೀರೆ ವ್ಯಾಪಾರಿಯ ಅಂಗಡಿಯಲ್ಲಿ ಕಾರಕೂನ. ಬೆಳಿಗ್ಗೆ ಮೋಟಾರು ಹಿಡಿದು ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. ನಾನು ಮ್ಯಾಟ್ರಿಕ್ ಪಾಸಾಗಿ ಮನೆಯಲ್ಲಿ ಕುಳಿತಿದ್ದೆ. ಎಲ್ಲಾದರೂ ಮಾಸ್ತರಿಕೆ ಸಿಕ್ಕೀತೆಂದು ಅರ್ಜಿ ಹಾಕುವುದು, ಕಾಯುವುದು — ಅಷ್ಟೇ ಕೆಲಸ. ಮನೆಯಲ್ಲಿ ನನ್ನನ್ನು ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಅವ್ವ ಕೇಳಿದರೆ, ಊಟ ಆಯಿತೇ ಎಂದು.

ವೈನಿ ಮೀರಜಿನ ಕಡೆಯವರು. ನಾಲ್ಕನೆಯ ಇಯತ್ತೆಯವರೆಗೆ ಮರಾಠಿ ಶಾಲೆ. ಕನ್ನಡ ನಮ್ಮ ಮನೆಗೆ ಬಂದ ಮೇಲೆ ಕಲಿತದ್ದು. ಮದುವೆಯಲ್ಲಿ ಅಣ್ಣ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಅವರ ಹೊಸ ಹೆಸರನ್ನು ಬರೆದ — ಇಂದಿರಾ. ನಮ್ಮಲ್ಲಿ ಅದು ರೂಢಿ. ಹುಟ್ಟಿದ ಹೆಸರು ಆ ದಿನದಿಂದ ತವರಿಗೆ ಮಾತ್ರ. ನಮ್ಮ ಮನೆಯಲ್ಲಂತೂ ಆ ಹೊಸ ಹೆಸರಿನಿಂದಲೂ ಅವರನ್ನು ಯಾರೂ ಕರೆಯಲಿಲ್ಲ. ಅವ್ವನಿಗೆ ಸೊಸೆ, ಅಣ್ಣನಿಗೆ 'ಇಲ್ಲಿ ಕೇಳು', ನನಗೆ ವೈನಿ.

ಅವರ ತಮ್ಮ ಮುಂಬಯಿಯಲ್ಲಿ ಆಟಿಗೆ ಸಾಮಾನಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಅಲ್ಲಿಗೆ ವಿಲಾಯತಿಯಿಂದ ವಿಮಾನದ ಪೆಟ್ಟಿಗೆಗಳು ಬರುತ್ತಿದ್ದವು. ಮೆತ್ತನೆಯ ಕಟ್ಟಿಗೆಯಲ್ಲಿ ಒರಟಾಗಿ ಕತ್ತರಿಸಿದ ರೆಕ್ಕೆ, ಒಡಲು, ಚಿಕ್ಕ ಗಾಲಿ, ಒಂದು ನಕ್ಷೆ, ಇಂಗ್ಲಿಷಿನಲ್ಲಿ ಅಚ್ಚು ಹಾಕಿದ ಒಂದು ಚೀಟಿ. ಕೆತ್ತಿ, ಉಜ್ಜಿ, ಅಂಟಿಸಿದರೆ ಅಂಗೈಯಗಲದ ವಿಮಾನ. ಯುದ್ಧದಲ್ಲಿ ಹೆಸರು ಮಾಡಿದ ವಿಮಾನಗಳ ಪೆಟ್ಟಿಗೆಗಳು ಬಂದ ಹಾಗೆಯೇ ಮಾರಿಹೋಗುತ್ತಿದ್ದವಂತೆ. ಯಾರೂ ಹೆಸರು ಕೇಳದ ಕೆಲವು ಮಾತ್ರ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದವು. ಅವನ್ನು ಮಾಲೀಕ ಇವನಿಗೆ ಕೊಟ್ಟುಬಿಡುತ್ತಿದ್ದ, ಇವನು ಅಕ್ಕನಿಗೆ ಕಳಿಸುತ್ತಿದ್ದ. ಪಾರ್ಸೆಲ್ಲಿನ ಮೇಲೆ ಅಣ್ಣನ ಹೆಸರು. ಒಳಗಿನ ಪೆಟ್ಟಿಗೆಯ ಮುಚ್ಚಳದ ಮೇಲೆ ಮಾತ್ರ ಪೆನ್ಸಿಲಿನಲ್ಲಿ, ಮರಾಠಿಯಲ್ಲಿ, ವೈನಿಯ ಹುಟ್ಟಿದ ಹೆಸರು. ಅದನ್ನು ನಾನು ಮೊದಲು ನೋಡಿದ್ದು ಅಲ್ಲಿಯೇ.

ಮಧ್ಯಾಹ್ನ ಎಲ್ಲರ ಊಟವಾಗಿ ಪಾತ್ರೆ ತೊಳೆದ ಮೇಲೆ ಅವರು ನಡುಮನೆಯಲ್ಲಿ ಕೂರುತ್ತಿದ್ದರು. ಅಣ್ಣ ಗಡ್ಡ ಹೆರೆದು ಬಿಟ್ಟ ಬ್ಲೇಡು, ಒಂದು ತುಂಡು ಪಾಲಿಶ್ ಕಾಗದ, ಕೂದಲ ಪಿನ್ನು. ಪೆಟ್ಟಿಗೆಯ ಅಂಟು ಒಣಗಿ ಕಲ್ಲಾಗಿದ್ದರೆ ಜಾಲಿಯ ಗೋಂದು. ಅನ್ನ ಕುದಿಯುವಾಗ ಅದರ ಹಬೆಗೆ ಹಿಡಿದು ರೆಕ್ಕೆಯ ಅಂಚನ್ನು ಬಾಗಿಸಿಟ್ಟುಕೊಳ್ಳುತ್ತಿದ್ದರು. ನಕ್ಷೆಯ ಅಕ್ಷರ ಬರದಿದ್ದರೂ ಗೆರೆ ತಿಳಿಯುತ್ತಿತ್ತು. ರಂಗೋಲಿ ಹಾಕುವವರಿಗೆ ಅದೇನು ದೊಡ್ಡದಲ್ಲ ಎನ್ನುತ್ತಿದ್ದರು. ಮುಗಿದ ವಿಮಾನವನ್ನು ಅಣ್ಣ ರಬಕವಿಯಿಂದ ತಂದ ರೇಷ್ಮೆ ಎಳೆಯಿಂದ ತೊಲೆಯ ಕೊಂಡಿಗೆ ತೂಗಬಿಡುತ್ತಿದ್ದರು.

ಆ ಕೊಂಡಿ ತೊಟ್ಟಿಲು ಕಟ್ಟುವುದಕ್ಕೆಂದು ಅಜ್ಜನ ಕಾಲದಲ್ಲಿ ಬಡಿದದ್ದು. ಮದುವೆಯಾಗಿ ವರ್ಷಗಳಾಗಿದ್ದರೂ ಅದು ಖಾಲಿಯಿತ್ತು. ಅವ್ವ ಬಂದವರಿಗೆಲ್ಲ ತೋರಿಸುತ್ತಿದ್ದಳು.

"ತೊಟ್ಟಿಲಾ ಕಟ್ಟೋ ಕೊಂಡಿಗೆ ಹದ್ದು ಕಟ್ಟ್ಯಾಳ ನೋಡ್ರಿ ನಮ್ಮ ಸೊಸಿ."

ವೈನಿ ಒಳಗಿನಿಂದಲೇ ಅನ್ನುತ್ತಿದ್ದರು, "ಹದ್ದಲ್ಲ ಅತ್ತಿ, ವಿಮಾನ. ಹದ್ದಾಗಿದ್ರ ನಿಮ್ಮ ಹಪ್ಪಳಾ ಉಳೀತಿದ್ದೂ ಏನು?"

ಅವ್ವನೂ ನಗುತ್ತಿದ್ದಳು. ಆದರೆ ಆ ಮಾತು ನಿಲ್ಲುತ್ತಿರಲಿಲ್ಲ.

ಮೊದಲನೆಯ ವಿಮಾನದ ಹೊಟ್ಟೆ ದೋಣಿಯಂತಿತ್ತು. ಅದು ಮುಗಿದ ದಿನ ವೈನಿ ಇಂಗ್ಲಿಷ್ ಚೀಟಿಯನ್ನು ನನ್ನ ಕೈಗೆ ಕೊಟ್ಟು ಕೇಳಿದರು, "ಇದು ಎಲ್ಲಿ ಹಾರತಿತ್ತೋ, ವಾಸಣ್ಣಾ?"

ಓದಿದೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೂ ಕೊನೆಯ ಸಾಲು ನೇರವಾಗಿತ್ತು. ಈ ವಿಮಾನವನ್ನು ಕಾಗದದ ಮೇಲೆ ರೂಪಿಸಿದ್ದರು, ಕಟ್ಟಲಿಲ್ಲ. ಅದು ಎಂದೂ ಹಾರಲಿಲ್ಲ. ಕಪಾಟಿನಲ್ಲಿ ಉಳಿದ ಪೆಟ್ಟಿಗೆಗಳೆಲ್ಲ ಅಂಥವೇ ಎಂದು ಮುಂದೆ ಒಂದೊಂದೇ ಚೀಟಿ ಓದುತ್ತ ತಿಳಿಯಿತು. ಆದರೆ ಆ ದಿನ — ವೈನಿ ಕೈಗೆ ಹತ್ತಿದ ಗೋಂದನ್ನು ಉಜ್ಜಿಕೊಳ್ಳುತ್ತ ನನ್ನ ಮುಖವನ್ನೇ ನೋಡುತ್ತಿದ್ದರು. ಹಾಗೆ ನನ್ನ ಮುಖ ನೋಡುವವರು ಆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಸಮುದ್ರದ ಮ್ಯಾಲೆ ಹಾರತಿತ್ತ್ರಿ ವೈನಿ," ಅಂದೆ.

ಅದನ್ನು ಕರುಣೆ ಎಂದುಕೊಂಡು ಬಹಳ ಕಾಲ ಸಮಾಧಾನಪಟ್ಟಿದ್ದೇನೆ. ಕಷ್ಟಪಟ್ಟು ಮಾಡಿದ್ದು, ಹಾರಲೇ ಇಲ್ಲ ಎಂದರೆ ನೊಂದುಕೊಂಡಾರು — ಹೀಗೆ. ಅಲ್ಲ. ನಿಜ ಹೇಳಿದ್ದರೆ ಒಂದೇ ಮಾತಿಗೆ ಮುಗಿದುಹೋಗುತ್ತಿತ್ತು. ಸುಳ್ಳಾದ್ದರಿಂದ ಅವರು ಕೇಳುತ್ತ ಹೋದರು, ನಾನು ಹೇಳುತ್ತ ಹೋದೆ. ಸಮುದ್ರದ ನೀರು ಯಾವ ಬಣ್ಣ, ಕಿಟಕಿಯಲ್ಲಿ ಯಾರು ಕೂತಿರುತ್ತಿದ್ದರು, ಇಳಿಯುವಾಗ ನೀರು ಎಷ್ಟು ಮೇಲೆ ಚಿಮ್ಮುತ್ತಿತ್ತು. ಸಮುದ್ರವನ್ನು ನಾನೂ ನೋಡಿದವನಲ್ಲ. ಆದರೂ ಕೇಳುವವರು ಸಿಕ್ಕಿದ್ದರು. ಅದೇ ಸಾಕಾಗಿತ್ತು ನನಗೆ. ಬಾಲವಿಲ್ಲದ ವಿಮಾನ ಬಂದರೆ ಅದು ಹಿಮದ ದೇಶದ್ದು. ಉದ್ದ ಮೂತಿಯದು ಬಂದರೆ ಮರುಭೂಮಿ ದಾಟುತ್ತಿತ್ತು. ಎರಡು ಮೂರು ವರ್ಷದಲ್ಲಿ ನಮ್ಮ ನಡುಮನೆಯ ತೊಲೆಯ ಕೆಳಗೆ ಒಂದು ಪ್ರಪಂಚವೇ ತೂಗಾಡುತ್ತಿತ್ತು. ಅದರಲ್ಲಿ ನಿಜವಾಗಿದ್ದದ್ದು ವೈನಿಯ ಕೈಕೆಲಸ ಮಾತ್ರ.

ಒಂದು ಚೈತ್ರದಲ್ಲಿ ಗೌರಿಯ ಅರಿಶಿನ ಕುಂಕುಮಕ್ಕೆ ಓಣಿಯ ಹೆಂಗಸರೆಲ್ಲ ಬಂದಿದ್ದರು. ಗೌರಿಯ ಸುತ್ತ ಗೊಂಬೆ, ಆಟಿಗೆ ಜೋಡಿಸಿ ಶೃಂಗರಿಸುವುದು ನಮ್ಮಲ್ಲಿ ಪದ್ಧತಿ; ವೈನಿ ಆ ವರ್ಷ ವಿಮಾನಗಳನ್ನು ಜೋಡಿಸಿದರು. ಕೋಸಂಬರಿ ಹಂಚುತ್ತ ಒಂದೊಂದರ ಕಥೆ ಹೇಳಿದರು — ನಾನು ಹೇಳಿದ್ದಕ್ಕಿಂತ ಚೆನ್ನಾಗಿ. ಹೆಣ್ಣುಮಕ್ಕಳ ಶಾಲೆಯ ಮುಖ್ಯಾಧ್ಯಾಪಿಕೆ ಅಂದು ಬಂದಿದ್ದರು. ಅವರ ಶಾಲೆಗೆ ಕೈಕೆಲಸ ಕಲಿಸುವವರು ಬೇಕಾಗಿದ್ದರು. ಮರುದಿನ ಅಣ್ಣನನ್ನು ಕರೆಸಿ, ವೈನಿಯನ್ನು ಕಳಿಸುತ್ತೀರಾ ಎಂದು ಕೇಳಿದರು. ವಿಜಾಪುರದಿಂದ ಶಿಕ್ಷಣ ಖಾತೆಯ ಸಾಹೇಬರು ತಪಾಸಣೆಗೆ ಬರುತ್ತಾರೆ, ಆ ದಿನ ಶಾಲೆಯಲ್ಲಿ ವಿಮಾನಗಳನ್ನು ಇಡಲಿ, ಅವರು ಒಪ್ಪಿದರೆ ಆಯಿತು ಎಂದರು. ಅವ್ವ ಎರಡು ದಿನ ಮುಖ ಬಿಗಿದುಕೊಂಡು ಕೊನೆಗೆ, ಮನೆಗೆಲಸ ನಿಲ್ಲಬಾರದು ಎಂದಳು. ಅದು ಅವಳ ಒಪ್ಪಿಗೆ.

ಆ ದಿನಗಳಲ್ಲಿ ವೈನಿ ಸುಮ್ಮಸುಮ್ಮನೆ ನಗುತ್ತಿದ್ದರು. ಯಾವ ಸೀರೆ ಉಡುವುದೆಂದು ನನ್ನನ್ನೂ ಕೇಳಿದ್ದರು. ಕೊಂಡಿಯ ಮಾತಿಲ್ಲದ ಒಂದು ಜಾಗಕ್ಕೆ ಅವರು ಹೋಗಲಿದ್ದರು — ನನಗೆ ಅದು ಗೊತ್ತಿತ್ತು. ಚೀಟಿಯ ನಿಜವನ್ನು ಆಗಲಾದರೂ ಹೇಳಬೇಕಿತ್ತು. ಬಾಯಿಗೆ ಬಂತು ಕೂಡ. ಆದರೆ ಆ ಸಾಹೇಬರ ಹತ್ತಿರವೇ ನನ್ನ ಮಾಸ್ತರಿಕೆಯ ಅರ್ಜಿಯೂ ಇತ್ತು. ಅಂದು ವೈನಿಯ ಜೊತೆ ಹೋಗಿ ಅವರ ಕಣ್ಣಿಗೆ ಬೀಳಬೇಕೆಂದು ನಾನು ಕೋಟು ಇಸ್ತ್ರಿ ಮಾಡಿಸಿಟ್ಟುಕೊಂಡಿದ್ದೆ.

ಶಾಲೆಯ ದೊಡ್ಡ ಕೋಣೆಯಲ್ಲಿ ಬೆಂಚುಗಳ ಮೇಲೆ ವಿಮಾನಗಳನ್ನಿಟ್ಟು, ಪ್ರತಿಯೊಂದರ ಅಡಿಗೆ ಅದರದೇ ಚೀಟಿಯನ್ನು ವೈನಿ ಒಪ್ಪವಾಗಿ ಇಟ್ಟಿದ್ದರು. ಅವರಿಗೆ ಮುಚ್ಚಿಡುವಂಥದ್ದು ಏನಿತ್ತು? ಸಾಹೇಬರು ಬಂದರು. ರೆಕ್ಕೆಯ ನುಣುಪನ್ನು ಬೆರಳಿನಿಂದ ಸವರಿ ಮೆಚ್ಚಿಕೊಂಡರು. ವೈನಿ ಸೆರಗು ಹೊದ್ದು, ಹುಡುಗಿಯರಿಗೆಲ್ಲ ಕೇಳುವ ಹಾಗೆ, ದೋಣಿ ಹೊಟ್ಟೆಯ ವಿಮಾನ ಸಮುದ್ರದ ಮೇಲೆ ಇಳಿಯುವುದನ್ನು ಹೇಳಿದರು. ಸಾಹೇಬರು ಕೇಳುತ್ತಲೇ ಚೀಟಿಯನ್ನು ಎತ್ತಿಕೊಂಡರು. ಓದಿದರು. ಇನ್ನೊಂದನ್ನು ಎತ್ತಿಕೊಂಡರು.

"ಇವು ಒಂದೂ ಹಾರಿಲ್ಲಲ್ಲ, ಬಾಯಿ," ಅಂದರು. ದನಿಯಲ್ಲಿ ಗದರಿಕೆ ಇರಲಿಲ್ಲ. "ಇಲ್ಲೇ ಬರದದ. ಇದನ್ನ ನಿಮಗ ಯಾರು ಓದಿ ಹೇಳಿದ್ರು?"

ವೈನಿ ನನ್ನತ್ತ ತಿರುಗಿದರು. ಆ ನೋಟದಲ್ಲಿ ದೂರಿರಲಿಲ್ಲ. ಸಾಹೇಬರು ಏನೋ ತಪ್ಪು ತಿಳಿದಿದ್ದಾರೆ, ವಾಸಣ್ಣ ಈಗ ಸರಿಯಾಗಿ ಹೇಳುತ್ತಾನೆ — ಅಷ್ಟೇ ಇತ್ತು. ಸಾಹೇಬರೂ ನನ್ನತ್ತ ನೋಡಿದರು.

"ನಾ ಬರದದ್ದ ಓದಿ ಹೇಳೀನ್ರಿ," ಅಂದೆ. "ವೈನಿ ತಮ್ಮ ಮನಸಿಗೆ ಬಂದಂಗ ಹೇಳ್ತಾರ."

ಕೋಣೆಯಲ್ಲಿ ಯಾರೋ ಒಬ್ಬ ಹುಡುಗಿ ನಕ್ಕಳು. ಆಮೇಲೆ ಹಲವರು. ವೈನಿ ನನ್ನನ್ನು ಇನ್ನೂ ನೋಡುತ್ತಿದ್ದರು. ನನ್ನ ಇಸ್ತ್ರಿ ಕೋಟನ್ನು ನೋಡಿದರೋ ಏನೋ — ಗೊತ್ತಿಲ್ಲ. ಆಮೇಲೆ ಸಾಹೇಬರ ಕಡೆಗೆ ತಿರುಗಿದರು.

"ಹೌದ್ರಿ ಸಾಹೇಬ್ರ. ಅಂವಾ ಖರೇನೇ ಹೇಳಿದ್ದ. ನಾನೇ ಹುಡುಗ್ಯಾರಿಗೆ ಛಲೋ ಅನಸ್ತದಂತ ಹಂಗ ಹೇಳಿದೆ."

ಇಷ್ಟೇ ಆದದ್ದು. ಬರೆದು ನೋಡಿದರೆ ಎಷ್ಟು ಸಣ್ಣದು.

ಮನೆಗೆ ಹೋಗುವಾಗ ವಿಮಾನಗಳ ಬುಟ್ಟಿಯನ್ನು ಅವರೇ ಹೊತ್ತರು. ನಾನು ಕೈ ಚಾಚಿದರೂ ಕೊಡಲಿಲ್ಲ. ಬಾವಿಯ ಕಟ್ಟೆಯ ಹತ್ತಿರ ಬುಟ್ಟಿ ಇಳಿಸಿದರು. ಅಲ್ಲಿ ನಿಂತು ಕೇಳಿದರು, "ಸಮುದ್ರದ್ದೂ ಸುಳ್ಳೇನು?"

ಹೌದೆಂದು ತಲೆಯಾಡಿಸಿದೆ. ಯಾಕೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ — ಇಲ್ಲ, ಅದನ್ನು ಅವರ ಮೇಲೆ ಹಾಕುವುದಿಲ್ಲ. ಕೇಳದೆಯೂ ಹೇಳಬಹುದಿತ್ತು.

ಹುಡುಗಿಯರಿಗೆ ಕಲಿಸುವವರ ಮಾತು ನಂಬುವಂತಿರಬೇಕು ಎಂದು ಮುಖ್ಯಾಧ್ಯಾಪಿಕೆ ಅಣ್ಣನಿಗೆ ಹೇಳಿ ಕಳಿಸಿದರು. ಅಣ್ಣ ವೈನಿಗೆ ಒಂದು ಮಾತೂ ಅನ್ನಲಿಲ್ಲ. ಆದರೆ ಇನ್ನು ಸಾಕು ಎಂದು ಅವ್ವ ಅಂದಾಗ ಅವನು ಸುಮ್ಮನಿದ್ದ. ಮನೆಯ ಹೊಸ್ತಿಲು ದಾಟಿ ಕೆಲಸಕ್ಕೆ ಹೋಗುವ ಮಾತು ಮತ್ತೆ ಬರಲಿಲ್ಲ. ಮಳೆಗಾಲಕ್ಕೆ ಮುಂಚೆ ನನಗೆ ಬೀಳಗಿಯ ಶಾಲೆಗೆ ಆರ್ಡರು ಬಂತು. ಅಲ್ಲಿ, ಆಮೇಲೆ ಮುಧೋಳದಲ್ಲಿ, ಜೀವಮಾನವಿಡೀ ಮಕ್ಕಳಿಗೆ ಪಾಠ ಹೇಳಿದೆ. ಸುಳ್ಳು ಹೇಳಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ.

ಮುಂಬಯಿಯ ಪೆಟ್ಟಿಗೆಗಳು ಇನ್ನೂ ಕೆಲವು ಬಂದವು. ವೈನಿ ಅವನ್ನೂ ಕಟ್ಟಿದರು, ತೂಗಬಿಟ್ಟರು. ಚೀಟಿಯನ್ನು ಮಾತ್ರ ಮಡಿಸಿ ಪೆಟ್ಟಿಗೆಯಲ್ಲಿ ಹಾಗೆಯೇ ಬಿಡುತ್ತಿದ್ದರು. ರಜೆಗೆ ಬಂದಾಗ ನಾನು ನಡುಮನೆಯಲ್ಲಿ ಕೂತು ಕಾಯುತ್ತಿದ್ದೆ, ಓದು ಎಂದು ಕೊಟ್ಟಾರೆಂದು. ಕೊಡಲಿಲ್ಲ. ಊಟಕ್ಕೆ ಕರೆದರು, ಜ್ವರ ಬಂದರೆ ಗಂಜಿ ಮಾಡಿದರು. ನನ್ನ ಮದುವೆಯಲ್ಲಿ ಎಲ್ಲರಿಗಿಂತ ಹೆಚ್ಚು ದುಡಿದರು. ನನ್ನ ಮಗಳು ಹುಟ್ಟಿದಾಗ ಆ ಕೊಂಡಿಯ ವಿಮಾನಗಳನ್ನು ಅವರೇ ಇಳಿಸಿ, ಕೊಂಡಿಗೆ ಎಣ್ಣೆ ಹಚ್ಚಿ, ತೊಟ್ಟಿಲು ಕಟ್ಟಿದರು.

ಮಗಳು ಮಾತು ಕಲಿತ ಮೇಲೆ ಒಂದು ದಿನ, ಗೂಡಿನಲ್ಲಿದ್ದ ದೋಣಿ ಹೊಟ್ಟೆಯ ವಿಮಾನವನ್ನು ತೆಗೆದುಕೊಂಡು ಇದು ಎಲ್ಲಿ ಹಾರುತ್ತಿತ್ತು ದೊಡ್ಡವ್ವಾ ಎಂದು ಕೇಳಿದಳು. ನಾನು ಅಲ್ಲೇ ಇದ್ದೆ.

"ಇದು ಹಾರಲಿಲ್ಲ, ನನ್ನವ್ವಾ," ಅಂದರು ವೈನಿ. ಅಕ್ಕಿ ಆರಿಸುತ್ತಿದ್ದರು, ತಲೆ ಎತ್ತಲಿಲ್ಲ. "ಹಾರಿದ್ರ ಹೆಂಗಿರತಿತ್ತು, ಅದನ್ನ ನಿಮ್ಮಪ್ಪನ್ನ ಕೇಳು. ಭಾಳ ಛಲೋ ಹೇಳ್ತಾನ."

ಚುಚ್ಚುಮಾತಲ್ಲ ಅದು. ಅಷ್ಟು ವರ್ಷಗಳ ಮೇಲೆ ಅವರೇ ಬಾಗಿಲು ತೆರೆದಿದ್ದರು. ನಾನು ಆ ಕ್ಷಣ ಬಾಯಿ ಬಿಡಬೇಕಿತ್ತು — ಮಗಳ ಎದುರಿಗೆ, ಎರಡೇ ಮಾತು. ನಾನು ಎದ್ದು ಚಪ್ಪಲಿ ಹಾಕಿಕೊಂಡು ಪೇಟೆಗೆ ಹೋದೆ. ಅವರು ಇನ್ನೂ ಬಹಳ ವರ್ಷ ಬದುಕಿದ್ದರು. ಕೊನೆಗೆ ಹಾಸಿಗೆ ಹಿಡಿದಾಗ ಪಕ್ಕದಲ್ಲಿ ಕೂತು ನೀರು ಕುಡಿಸಿದ್ದೇನೆ, ಆಗಲೂ ಹೇಳಲಿಲ್ಲ. ಈ ವಯಸ್ಸಿನಲ್ಲಿ ಯಾಕೆ ಅವರನ್ನು ನೋಯಿಸುವುದು ಎಂದುಕೊಂಡೆ. ಅದೂ ಹಳೆಯ ಕರುಣೆಯ ಜಾತಿಯದೇ.

ಆ ವಿಮಾನ ಈಗ ನನ್ನ ಹತ್ತಿರ ಇದೆ. ರೆಕ್ಕೆಯ ಅಂಚು ಅನ್ನದ ಹಬೆಗೆ ಬಾಗಿದಂತೆಯೇ ಇದೆ. ನಾಳೆ ಮಗಳು ಬರುತ್ತಾಳೆ. ಅವಳಿಗೆ ಇದನ್ನು ಓದಿಸುತ್ತೇನೆ, ಅಂದು ಶಾಲೆಯಲ್ಲಿ ಬಯಲಾದ ಸುಳ್ಳು ಅವಳ ದೊಡ್ಡವ್ವನದಲ್ಲ, ನನ್ನದು ಎಂದು ತಿಳಿಯಲಿ. ಅದರಿಂದ ನನ್ನ ಭಾರ ಇಳಿಯುತ್ತದೆ ಎಂದು ನಂಬಿಲ್ಲ. ಕೇಳಬೇಕಾದವರು ಇಲ್ಲ. ನಾವು ಕೊಟ್ಟ ಹೆಸರಿನಲ್ಲಿ ಅವರಿಗೆ ನಮ್ಮ ಮನೆ ಏನನ್ನೂ ಕೊಡಲಿಲ್ಲ. ಆದ್ದರಿಂದ ಪೆಟ್ಟಿಗೆಯ ಮುಚ್ಚಳದ ಮೇಲೆ ಪೆನ್ಸಿಲಿನಲ್ಲಿದ್ದ ಹೆಸರನ್ನೇ ಬರೆಯುತ್ತೇನೆ. ನಾನು ತಪ್ಪಾಯಿತು ಎನ್ನದೇ ಉಳಿದದ್ದು ಅವರಿಗೆ — ದ್ವಾರಕಾ ವೈನಿಗೆ.