ಕಂಬಿ ಕಿತ್ತ ಮೇಲೂ ಉಳಿದ ದಾರಿ

ಮಚ್ಚು ಹದ ಮಾಡಿಸಲು ಕಮ್ಮಾರನಿಗೆ ಹತ್ತು ರೂಪಾಯಿ, ಟಾರ್ಚಿಗೆ ಎರಡು ಸೆಲ್ಲು, ಮಳೆಗಾಲ ಕಳೆಯುವಷ್ಟರಲ್ಲಿ ಸವೆಯುವ ಒಂದು ಜೊತೆ ಹವಾಯಿ ಚಪ್ಪಲಿ. ಒಂದು ದಾರಿ ಉಳಿಯಬೇಕಾದರೆ ಇಷ್ಟಂತೂ ಬೇಕು. ಇದನ್ನು ಯಾರೂ ಕೊಡುವುದಿಲ್ಲ. ಪುಟ್ಟಸಿದ್ದಯ್ಯ ಕೂಲಿಯಲ್ಲೇ ಉಳಿಸಿ ತರುತ್ತಾರೆ.

ಮಧುವನಹಳ್ಳಿಯ ಆಚೆ ಇನ್ನೂ ಬೆಳಕು ಹರಿದಿಲ್ಲ. ಪುಟ್ಟಸಿದ್ದಯ್ಯ ಟಾರ್ಚು ಹಿಡಿದು ಮುಂದೆ ನಡೆಯುತ್ತಿದ್ದಾರೆ. ಹಿಂದೆ ಹಾಲಿನ ಕ್ಯಾನು ಹೊತ್ತ ಹೆಂಗಸರು. ದಾರಿಗೆ ಬಾಗಿದ ಲಂಟಾನದ ಮುಳ್ಳುಪೊದೆಯನ್ನು ಪುಟ್ಟಸಿದ್ದಯ್ಯ ಒಂದೇ ಏಟಿಗೆ ಕಡಿದು ಕಾಲಿನಿಂದ ಪಕ್ಕಕ್ಕೆ ತಳ್ಳುತ್ತಾರೆ. ವಯಸ್ಸು ಅರವತ್ತು ದಾಟಿದೆ, ಮೊಣಕಾಲು ಹಿಡಿದುಕೊಳ್ಳುತ್ತದೆ. ಆದರೂ ನಿಲ್ಲುವ ಹಾಗಿಲ್ಲ. ಅವರು ನಿಂತರೆ ಹೆಂಗಸರೂ ನಿಲ್ಲುತ್ತಾರೆ.

ಊರಿನವರು ಇದನ್ನು ಕಂಬಿ ದಾರಿ ಎನ್ನುತ್ತಾರೆ. ಎಂಬತ್ತರ ದಶಕದಲ್ಲಿ ಗುಡ್ಡದ ಕರಿಕಲ್ಲು ಗಣಿಯಿಂದ ಹನೂರು ರಸ್ತೆಯವರೆಗೆ ಇಲ್ಲಿ ಪುಟ್ಟ ರೈಲು ಕಂಬಿ ಇತ್ತು. ಆಳುಗಳು ತಳ್ಳುವ ಟ್ರಾಲಿಯಲ್ಲಿ ಕಲ್ಲು ಇಳಿದು ಬರುತ್ತಿತ್ತು. ಕೆಂಪು ಬಟ್ಟೆ ಹಿಡಿದು ಮುಂದೆ ನಡೆಯುತ್ತ ದನಕರು ಓಡಿಸುವುದು ಪುಟ್ಟಸಿದ್ದಯ್ಯನ ಕೆಲಸ. ಒಂದು ಬೇಸಿಗೆಯಲ್ಲಿ ಗಣಿ ಮುಚ್ಚಿತು. ಕಂಬಿಗಳು ಗುಜರಿ ಲಾರಿ ಹತ್ತಿದವು, ಮರದ ದಿಮ್ಮಿಗಳು ಊರಿನ ಒಲೆ ಸೇರಿದವು. ಉಳಿದದ್ದು ಜಲ್ಲಿಯ ನೆಲ ಮತ್ತು ಹಳ್ಳದ ಮೇಲಿನ ಕಲ್ಲಿನ ಮೋರಿ.

ಆ ಮೋರಿಯೇ ಊರಿಗೆ ಆಧಾರ. ಮಳೆ ಬಂದರೆ ಗಾಡಿ ದಾರಿಯಲ್ಲಿ ಹಳ್ಳ ದಾಟಲಾಗದು, ಸುತ್ತಿ ಬರುವಷ್ಟರಲ್ಲಿ ರಸ್ತೆ ಬದಿಯ ಹಾಲಿನ ಡೈರಿ ಮುಚ್ಚಿರುತ್ತದೆ. ಹಾಗಾಗಿ ಪುಟ್ಟಸಿದ್ದಯ್ಯ ಮತ್ತು ಅವರ ಹೆಂಡತಿ ಶಿವರತ್ನಮ್ಮ ಇಬ್ಬರೇ ಮುಳ್ಳು ಕಡಿದು ಕಾಲುದಾರಿ ಮಾಡಿದರು. ಹಾಲು ಕೊಟ್ಟು ಬರುವಾಗ ಆಕೆ ಅಂಚಿನಲ್ಲಿ ಹೊಂಗೆ ಬೀಜ ಊರುತ್ತ ಬಂದರು. ಈಗ ಅರ್ಧ ದಾರಿಗೆ ನೆರಳಿದೆ.

ಮೂರು ವರ್ಷದ ಹಿಂದೆ ಪಕ್ಕದ ಜಮೀನಿನ ಸದಾಶಿವಪ್ಪ ದಾರಿಗೆ ಅಡ್ಡಲಾಗಿ ಮುಳ್ಳುಬೇಲಿ ಹಾಕಿ, ರೇಷ್ಮೆ ಸೊಪ್ಪಿನ ಕಡ್ಡಿ ನೆಟ್ಟರು. ಗಣಿಯವರಿಗೆ ನೆಲ ಗುತ್ತಿಗೆ ಕೊಟ್ಟಿದ್ದು ಅವರ ಅಪ್ಪ. ಗಣಿ ಹೋದ ಮೇಲೆ ನೆಲ ತಮ್ಮದೆಂದು ಅವರು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಪುಟ್ಟಸಿದ್ದಯ್ಯ ಕೈಮುಗಿದರು, ಪಂಚಾಯಿತಿಗೆ ಅಲೆದರು. ಬೇಲಿ ಹಾಗೆಯೇ ಇತ್ತು.

ಮುಂದಿನ ಮಳೆಗಾಲದಲ್ಲಿ ಶಿವರತ್ನಮ್ಮ ಜ್ವರ ಬಂದು ತೀರಿಕೊಂಡರು. ಸ್ಮಶಾನ ಇರುವುದು ರಸ್ತೆಯ ಕಡೆ. ಸುತ್ತಿಕೊಂಡು ಹೋಗಲು ಯಾರೋ ಟ್ರ್ಯಾಕ್ಟರ್ ತಂದು ನಿಲ್ಲಿಸಿದ್ದರು. ಪುಟ್ಟಸಿದ್ದಯ್ಯ ಬೇಡವೆಂದರು. ಹೆಣ ಹೋದ ದಾರಿಯನ್ನು ಈ ಕಡೆ ಯಾರೂ ಮುಚ್ಚುವುದಿಲ್ಲ, ಉಳುವುದೂ ಇಲ್ಲ. ಆ ದಿನದ ಬಗ್ಗೆ ಕೇಳಿದರೆ ಅವರು ಹೇಳುವುದು ಇಷ್ಟು:

"ಯೋಚ್ನೆ ಮಾಡೇ ಯೋಳ್ದೆ ಸಾ, ಕಂಬಿ ದಾರೀಲೇ ಎತ್ಕಳ್ಳಿ ಅಂತ. ಯೆಂಡ್ತಿ ಎಣದ ಮೇಲೂ ಲೆಕ್ಕ ಆಕ್ದ ಅಂತ ಜನ ಅಂದ್ರು. ಅನ್ಲಿ. ಅವ್ಳಿದ್ದು ನಾನು ಸತ್ತಿದ್ರೂ ಇಂಗೇ ಮಾಡೋಳು."

ಚಟ್ಟ ಬೇಲಿಯ ಹತ್ತಿರ ಬಂದಾಗ ಸದಾಶಿವಪ್ಪ ಅಲ್ಲೇ ನಿಂತಿದ್ದರು. ಮುಳ್ಳನ್ನು ತಾವೇ ಎಳೆದು ಬದಿಗೆ ಹಾಕಿದರು. ಬೇಲಿಯನ್ನು ಮತ್ತೆ ಕಟ್ಟಲಿಲ್ಲ.

ದಾರಿ ತೆರೆಯಿತು, ಆದರೆ ನಡೆಯುವವರು ಇಲ್ಲವಾದರು. ಹೆಣ ಹೋದ ದಾರಿಯಲ್ಲಿ ಕತ್ತಲಲ್ಲಿ ಕಾಲಿಡಲು ಹೆಂಗಸರಿಗೆ ಹೆದರಿಕೆ. ಹಳ್ಳ ಸುತ್ತಿ ಹೋಗಿ ಹಾಲು ಒಡೆಸಿಕೊಂಡು ವಾಪಸ್ ಬಂದರು. ಇದೊಂದನ್ನು ಪುಟ್ಟಸಿದ್ದಯ್ಯ ಯೋಚಿಸಿರಲಿಲ್ಲ. ಅಂದಿನಿಂದ ದಿನಾ ಅವರೇ ಮುಂದೆ ನಡೆಯುತ್ತಾರೆ.

ಹಿಂದಿನಿಂದ ವಸಂತಮ್ಮ ಛೇಡಿಸುತ್ತಾರೆ: "ಅಣ್ಣೋ, ಅತ್ಗೆ ಎದುರಿಗೆ ಬಂದ್ರೆ ನೀನೇ ಮಾತಾಡ್ಸ್ಕೊ. ನಮ್ ಆಲು ಮುಟ್ಟದೆ ಇದ್ರೆ ಸಾಕು."

"ಬದ್ಕಿದ್ದಾಗ್ಲೇ ಒಂದ್ ಗುಟುಕು ಕುಡೀಲಿಲ್ಲ ಕಣವ್ವ, ಎಲ್ಲಾ ಡೈರಿಗೇ ಸುರುದ್ಲು. ಈಗ ಮುಟ್ಟಾಳಾ?"

ಹೆಂಗಸರು ನಗುತ್ತಾರೆ. ಪುಟ್ಟಸಿದ್ದಯ್ಯ ನಗುವುದಿಲ್ಲ, ಬಗ್ಗಿ ಒಂದು ಮುಳ್ಳು ಎತ್ತಿ ಹಾಕುತ್ತಾರೆ.

ಏನಾದರೂ ಆಸೆ ಇದೆಯೇ ಎಂದರೆ ಹಿಂದೆ ಬರುವ ಹೆಂಗಸರ ಕಡೆ ಟಾರ್ಚು ತೋರಿಸುತ್ತಾರೆ. "ಇವ್ರೆಲ್ಲ ನನ್ ಬುಟ್ಟು ಅವ್ರಷ್ಟಕ್ಕೆ ಅವ್ರೇ ಓಗಂಗಾಗ್ಬೇಕು ಸಾ. ಅವತ್ತು ಬಿಸ್ಲು ಬರಗಂಟ ಮಲೀಕತೀನಿ."

ಸದಾಶಿವಪ್ಪನವರಿಗೆ ಎರಡು ಸಾಲು ಸೊಪ್ಪು ಹೋಯಿತು. ಊರಿಗೆ ದಾರಿ ಸಿಕ್ಕಿತು. ಅದರಲ್ಲಿ ಪುಟ್ಟಸಿದ್ದಯ್ಯನ ಜೊತೆ ನಡೆಯುತ್ತಿದ್ದ ಶಿವರತ್ನಮ್ಮ ಈಗ ಇಲ್ಲ.